ಹಡಗನ್ನು ತಡೆದ ಮೀನು: ರೆಮೋರಾದ ಒಂದು ಚರಿತ್ರೆ

ಕ್ರಿಸ್ತಪೂರ್ವ 31ರ ಸೆಪ್ಟೆಂಬರ್ ತಿಂಗಳಲ್ಲಿ ಗ್ರೀಸಿನ ಪಶ್ಚಿಮ ಕರಾವಳಿಯ ಆಕ್ಟಿಯಂ ಎಂಬಲ್ಲಿ ನಡೆದ ನೌಕಾಯುದ್ಧ ರೋಮಿನ ಚರಿತ್ರೆಯ ದಿಕ್ಕನ್ನೇ ಬದಲಿಸಿತು. ಒಂದು ಕಡೆ ಮಾರ್ಕ್ ಆಂಟನಿ ಮತ್ತು ಈಜಿಪ್ಟಿನ ರಾಣಿ ಕ್ಲಿಯೋಪಾತ್ರಾ. ಇನ್ನೊಂದು ಕಡೆ ಮುಂದೆ ಅಗಸ್ಟಸ್ ಎಂಬ ಹೆಸರಿನಿಂದ ರೋಮಿನ ಮೊದಲ ಸಾಮ್ರಾಟನಾಗಲಿದ್ದ ಆಕ್ಟೇವಿಯನ್. ಆಂಟನಿ ಏಕೆ ಸೋತನೆಂಬ ಪ್ರಶ್ನೆಗೆ ಇತಿಹಾಸಕಾರರು ಹಲವು ಉತ್ತರಗಳನ್ನು ಕೊಟ್ಟಿದ್ದಾರೆ: ಪಾಳೆಯದಲ್ಲಿ ಹರಡಿದ ಕಾಯಿಲೆ, ಸೈನಿಕರ ಪಕ್ಷಾಂತರ, ಭಾರವಾದ ಹಡಗುಗಳು, ಯುದ್ಧದ ನಡುವೆಯೇ ಕ್ಲಿಯೋಪಾತ್ರಾಳ ನೌಕೆಗಳು ಹಾಯಿ ಬಿಚ್ಚಿ ಹೊರಟದ್ದು. ಒಂದು ಶತಮಾನದ ಬಳಿಕ ಬರೆದ ಹಿರಿಯ ಪ್ಲಿನಿಯ ಉತ್ತರ ಮಾತ್ರ ಇವುಗಳಲ್ಲಿ ಯಾವುದೂ ಅಲ್ಲ. ಆಂಟನಿ ತನ್ನ ಪಡೆಗಳನ್ನು ಹುರಿದುಂಬಿಸಲು ನೌಕೆಯಿಂದ ನೌಕೆಗೆ ಧಾವಿಸಬೇಕೆಂದಿದ್ದಾಗ ಒಂದು ಮೀನು ಅವನ ಹಡಗನ್ನು ಹಿಡಿದು ನಿಲ್ಲಿಸಿತು; ಅವನು ಬೇರೆ ಹಡಗನ್ನು ಹತ್ತಬೇಕಾಯಿತು; ಅಷ್ಟರಲ್ಲಿ ಆಕ್ಟೇವಿಯನ್ನನ ನೌಕೆಗಳು ಮೇಲೇರಿ ಬಂದವು. ಆ ಮೀನಿನ ಉದ್ದ ಅರ್ಧ ಅಡಿ.

ಪ್ಲಿನಿಯ 'ಪ್ರಕೃತಿಯ ಚರಿತ್ರೆ' 37 ಸಂಪುಟಗಳ ಬೃಹದ್ಗ್ರಂಥ. ಅದರ 32ನೆಯ ಸಂಪುಟ ಆರಂಭವಾಗುವುದೇ ಈ ಮೀನಿನಿಂದ. ಕಡಲಿಗಿಂತ, ಗಾಳಿಗಿಂತ, ಬಿರುಗಾಳಿಗಿಂತ ಬಲವಾದದ್ದು ಯಾವುದಿದೆ ಎಂದು ಕೇಳುವ ಪ್ಲಿನಿ, ಇವೆಲ್ಲವೂ ಒಂದಾಗಿ ಒಂದೇ ದಿಕ್ಕಿಗೆ ನೂಕಿದರೂ ಈ ಪುಟ್ಟ ಜೀವಿ ಹಡಗನ್ನು ಕಟ್ಟಿಹಾಕಿದಂತೆ ನಿಲ್ಲಿಸಬಲ್ಲದು, ಅದೂ ಯಾವ ಶ್ರಮವೂ ಇಲ್ಲದೆ, ಬರಿಯ ಅಂಟಿಕೊಂಡು, ಎಂದು ಬೆರಗಾಗುತ್ತಾನೆ. ಆಕ್ಟಿಯಂನ ಬೆನ್ನಲ್ಲೇ ಇನ್ನೊಂದು ಪ್ರಸಂಗವನ್ನೂ ಹೇಳುತ್ತಾನೆ. ಸಾಮ್ರಾಟ ಕ್ಯಾಲಿಗುಲಾ ಅಸ್ತೂರಾದಿಂದ ಆಂಟಿಯಂಗೆ ಸಮುದ್ರಮಾರ್ಗವಾಗಿ ಹಿಂದಿರುಗುತ್ತಿದ್ದಾಗ ಇಡೀ ದಂಡಿನಲ್ಲಿ ಅವನ ಹಡಗೊಂದೇ ಮುಂದೆ ಸಾಗದಾಯಿತು. ಕೆಲವರು ನೀರಿಗೆ ಧುಮುಕಿ ಹಡಗನ್ನು ಸುತ್ತಿ ನೋಡಿದರೆ, ಚುಕ್ಕಾಣಿಗೆ ಈ ಮೀನು ಅಂಟಿಕೊಂಡಿತ್ತು. ಅದನ್ನು ಕಿತ್ತು ತಂದು ತೋರಿಸಿದಾಗ, 400 ಮಂದಿ ಹುಟ್ಟುಗಾರರ ಬಲವನ್ನು ಮೀರಿ ತನ್ನನ್ನು ತಡೆದದ್ದು ಇದೇ ಎಂದು ತಿಳಿದು ಕ್ಯಾಲಿಗುಲಾ ಸಿಟ್ಟಾದನಂತೆ. ಹಡಗಿನ ಹೊರಗಿದ್ದಾಗ ಅಷ್ಟು ಶಕ್ತಿಯಿದ್ದ ಮೀನು ಹಡಗಿನ ಒಳಗೆ ತಂದಾಗ ಏನೂ ಮಾಡಲಾರದೆ ಹೋದದ್ದು ಅವನಿಗೆ ಇನ್ನೂ ದೊಡ್ಡ ಸೋಜಿಗವೆನಿಸಿತು. ಕ್ಯಾಲಿಗುಲಾ ಕ್ರಿ.ಶ. 41ರಲ್ಲಿ ತನ್ನದೇ ಅಂಗರಕ್ಷಕ ದಳದವರ ಕೈಯಲ್ಲಿ ಹತನಾದ. ಪ್ಲಿನಿಯ ದೃಷ್ಟಿಯಲ್ಲಿ ಆ ಮೀನು ಮುಂಬರುವ ಸಾವಿನ ಶಕುನವೂ ಆಗಿತ್ತು.

ಈ ಮೀನಿಗೆ ಗ್ರೀಕರು ಇಟ್ಟ ಹೆಸರು 'ಎಕೆನೇಯಿಸ್', ಎಂದರೆ ಹಡಗನ್ನು ಹಿಡಿಯುವಂಥದ್ದು. ಲ್ಯಾಟಿನಿನಲ್ಲಿ ಅದು 'ರೆಮೋರಾ' ಆಯಿತು. 'ಮೋರಾ' ಎಂದರೆ ವಿಳಂಬ. ಇಂದಿಗೂ ಶಾರ್ಕುಗಳ ಮೈಗೆ ಅಂಟಿಕೊಂಡು ಸಾಗರಗಳನ್ನು ಸುತ್ತುವ ಮೀನಿನ ಕುಟುಂಬವನ್ನು ಜಗತ್ತು ಈ ಎರಡು ಹೆಸರುಗಳಿಂದಲೇ ಗುರುತಿಸುತ್ತದೆ. ಹಡಗನ್ನು ನಿಲ್ಲಿಸಲಾರದ ಮೀನಿಗೆ ಹಡಗು ನಿಲ್ಲಿಸುವ ಹೆಸರು ಹೇಗೆ ಬಂತು, ಬಂದ ಹೆಸರಿನ ಹಿಂದೆ ನಿಜವಾದ ಮೀನು ಎಷ್ಟು ಕಾಲ ಮರೆಯಾಗಿತ್ತು, ಅದು ನಿಜವಾಗಿ ಹೇಗೆ ಬದುಕುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಮೊದಲ ಸುಳಿವು ಪ್ಲಿನಿಗಿಂತ ನಾಲ್ಕು ಶತಮಾನ ಹಿಂದಿನ ಅರಿಸ್ಟಾಟಲನಲ್ಲಿ ಸಿಗುತ್ತದೆ. ಪ್ರಾಣಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಆತ ಎರಡು ಬೇರೆ ಬೇರೆ ಮೀನುಗಳ ಮಾತೆತ್ತುತ್ತಾನೆ. ಒಂದು, ಬಂಡೆಗಳ ನಡುವೆ ಬದುಕುವ, ತಿನ್ನಲು ಬಾರದ ಪುಟ್ಟ ಮೀನು. ಇದನ್ನೇ ಕೆಲವರು ಎಕೆನೇಯಿಸ್ ಎನ್ನುತ್ತಾರೆ, ನ್ಯಾಯಾಲಯದ ವ್ಯಾಜ್ಯಗಳಲ್ಲೂ ಪ್ರೇಮದ ವಶೀಕರಣದಲ್ಲೂ ಬಳಸುತ್ತಾರೆ ಎಂದು ಹೇಳಿ, ಅದಕ್ಕೆ ಕಾಲುಗಳಿವೆ ಎಂಬ ಜನರ ಮಾತನ್ನು ಅಲ್ಲಗಳೆಯುತ್ತಾನೆ: ಇರುವುದು ಕಾಲುಗಳಂತೆ ತೋರುವ ಈಜುರೆಕ್ಕೆಗಳು ಮಾತ್ರ. ಇನ್ನೊಂದನ್ನು ಆತ ಪ್ರಸ್ತಾಪಿಸುವುದು ಗ್ರಂಥದ ಬೇರೊಂದು ಭಾಗದಲ್ಲಿ, ಪರೋಪಜೀವಿಗಳ ಚರ್ಚೆಯಲ್ಲಿ. ಆಫ್ರಿಕಾದ ಉತ್ತರ ಕರಾವಳಿಯ ಕಡಲಿನಲ್ಲಿ ಡಾಲ್ಫಿನ್ನಿನ ಜತೆಯಲ್ಲೇ ಇರುವ ಒಂದು ಮೀನಿದೆ. ಜನ ಅದನ್ನು 'ಡಾಲ್ಫಿನ್ನಿನ ಹೇನು' ಎನ್ನುತ್ತಾರೆ. ಡಾಲ್ಫಿನ್ ಬೇಟೆಯಾಡುವಾಗ ಸಿಗುವ ಸಮೃದ್ಧ ಆಹಾರದಿಂದ ಅದು ಚೆನ್ನಾಗಿ ಕೊಬ್ಬಿರುತ್ತದೆ. ಇಂದಿನ ರೆಮೋರಾಗಳನ್ನು ಬಲ್ಲವರಿಗೆ ಈ ಎರಡನೆಯ ವಿವರಣೆ ತಟ್ಟನೆ ಪರಿಚಿತವೆನಿಸುತ್ತದೆ. ಬಂಡೆಯ ನಡುವಿನ ಮೊದಲ ಮೀನು ಗೋಬಿ ಅಥವಾ ಬ್ಲೆನಿ ಜಾತಿಯ ಯಾವುದೋ ತೀರವಾಸಿಯಾಗಿದ್ದಿರಬೇಕು.

ಹೀಗೆ ಅರಿಸ್ಟಾಟಲನಲ್ಲಿ ಬೇರೆಬೇರೆಯಾಗಿದ್ದ ಎರಡು ಮೀನುಗಳು ಕಾಲಕ್ರಮದಲ್ಲಿ ಒಂದಾದವು. ಮಂತ್ರಶಕ್ತಿಯ ಕೀರ್ತಿ ಮೊದಲನೆಯದರದು. ಅಂಟಿಕೊಳ್ಳುವ ದೇಹ ಎರಡನೆಯದರದು. ಹಡಗಿನ ಅಡಿಗೆ ಮೀನೊಂದು ಅಂಟಿಕೊಂಡಿದ್ದನ್ನು ನಾವಿಕರು ನಿಜವಾಗಿಯೂ ನೋಡಿದ್ದರು, ಏಕೆಂದರೆ ರೆಮೋರಾಗಳು ಶಾರ್ಕಿನ ಮೈಗೆ ಅಂಟುವಂತೆಯೇ ದೋಣಿಗೂ ಹಡಗಿಗೂ ಅಂಟುತ್ತವೆ. ಕಂಡ ದೇಹಕ್ಕೆ ಕೇಳಿದ್ದ ಕೀರ್ತಿಯನ್ನು ಸೇರಿಸುವುದು ಮುಂದಿನ ಸುಲಭವಾದ ಹೆಜ್ಜೆ. 1758ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಜೀವಿಗಳಿಗೆ ಜೋಡಿಹೆಸರು ಕೊಡುವಾಗ ಈ ಕುಲಕ್ಕೆ ಎಕೆನೇಯಿಸ್ ಎಂದೂ ಅದರ ಒಂದು ಪ್ರಭೇದಕ್ಕೆ ರೆಮೋರಾ ಎಂದೂ ಇಟ್ಟು, ಎರಡು ಸಾವಿರ ವರ್ಷಗಳ ಅಪವಾದವನ್ನು ವಿಜ್ಞಾನದ ದಾಖಲೆಯಲ್ಲಿ ಕಾಯಂಗೊಳಿಸಿದ.

ಮೀನಿನ ಮಾಂತ್ರಿಕ ಉಪಯೋಗಗಳ ಪಟ್ಟಿಯನ್ನು ಗಮನಿಸಿದರೆ ಅದರ ಹಿಂದಿನ ತರ್ಕ ತಿಳಿಯುತ್ತದೆ. ನ್ಯಾಯಾಲಯದಲ್ಲಿ ವಿಚಾರಣೆಯನ್ನು ಮುಂದೂಡಲು ಅದು ಬೇಕು. ಗರ್ಭ ಇಳಿಯದಂತೆ ದಿನ ತುಂಬುವವರೆಗೆ ತಡೆಹಿಡಿಯಲು ಅದು ಬೇಕು. ಪ್ರಿಯರನ್ನು ಕಟ್ಟಿಹಾಕಲು ಅದು ಬೇಕು. ಎಲ್ಲವೂ ತಡೆಯುವ, ಹಿಡಿದಿಡುವ ಕೆಲಸಗಳೇ. ನಮ್ಮ ಮಂತ್ರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸ್ತಂಭನ. ಷಟ್ಕರ್ಮಗಳಲ್ಲಿ ಒಂದಾದ ಸ್ತಂಭನಕ್ಕೆ ಬೆಂಕಿ, ನೀರು, ಸೇನೆ ಎಲ್ಲವೂ ಒಳಪಡುತ್ತವೆ. ಸರ್ವಸ್ವವನ್ನೂ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಜಲಸ್ತಂಭನದ ಬಲದಿಂದ ಎಂಬುದು ಗದಾಯುದ್ಧದ ಕಥೆಯನ್ನು ಬಲ್ಲ ಎಲ್ಲರಿಗೂ ನೆನಪಿದೆ. ಚಲಿಸುವುದನ್ನು ನಿಲ್ಲಿಸುವ ಶಕ್ತಿಯ ಕಲ್ಪನೆ ಯಾವ ಒಂದು ನಾಡಿನ ಸೊತ್ತೂ ಅಲ್ಲ. ರೋಮನ್ನರು ಅದಕ್ಕೆ ಒಂದು ಮೀನಿನ ರೂಪ ಕೊಟ್ಟರು, ಅಷ್ಟೆ.

ಆದರೆ ಆ ಕಾಲದಲ್ಲೇ ಇದನ್ನು ಒಪ್ಪದವರೂ ಇದ್ದರು. ಪ್ಲಿನಿ ತೀರಿಕೊಂಡ ಕೆಲವೇ ದಶಕಗಳಲ್ಲಿ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಭೋಜನಕಾಲದ ಸಂವಾದಗಳಲ್ಲಿ ಈ ಮೀನಿಗೇ ಮೀಸಲಾದ ಒಂದು ಅಧ್ಯಾಯವಿದೆ. ಊಟಕ್ಕೆ ಬಡಿಸಿದ ಸಣ್ಣ ಮೀನುಗಳನ್ನು ನೋಡಿ ಅತಿಥಿಯೊಬ್ಬ, ತಾನು ಸಿಸಿಲಿಯ ಕಡಲಿನಲ್ಲಿ ಇಂಥದೇ ಎಕೆನೇಯಿಸ್ ಕಂಡದ್ದನ್ನೂ ಅದು ಹಡಗನ್ನು ನಿಧಾನಗೊಳಿಸಿದ್ದನ್ನೂ ಹೇಳುತ್ತಾನೆ. ಕೆಲವರು ನಗುತ್ತಾರೆ. ಇನ್ನು ಕೆಲವರು ಲೋಕದಲ್ಲಿ ಇಂಥ ಗುಪ್ತಶಕ್ತಿಗಳು ಇಲ್ಲವೇ ಎಂದು ಉದಾಹರಣೆ ಕೊಡತೊಡಗುತ್ತಾರೆ: ಟಗರನ್ನು ಕಂಡರೆ ಮದವೇರಿದ ಆನೆ ಶಾಂತವಾಗುತ್ತದೆ, ಅಂಜೂರದ ಮರಕ್ಕೆ ಕಟ್ಟಿದರೆ ಪುಂಡ ಗೂಳಿ ಸಾಧುವಾಗುತ್ತದೆ, ಬೆಳ್ಳುಳ್ಳಿ ಉಜ್ಜಿದ ಕಬ್ಬಿಣವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಆಗ ಪ್ಲುಟಾರ್ಕ್ ಹೇಳುವ ಮಾತು ಇವೆಲ್ಲಕ್ಕಿಂತ ಬೇರೆ ಜಾತಿಯದು. ಜತೆಯಲ್ಲಿ ಒದಗಿ ಬರುವ ಸಂಗತಿಗಳನ್ನು ನಾವು ಎಷ್ಟೋ ಸಲ ಕಾರಣಗಳೆಂದು ಭಾವಿಸುತ್ತೇವೆ. ಬಹುಕಾಲ ನೀರಿನಲ್ಲಿರುವ ಹಡಗಿನ ಅಡಿಗೆ ಪಾಚಿ, ಕಡಲಕಳೆ ಬೆಳೆಯುತ್ತವೆ. ಇದರಿಂದ ನೀರನ್ನು ಸೀಳುವುದು ಕಷ್ಟವಾಗಿ ಹಡಗು ನಿಧಾನವಾಗುತ್ತದೆ. ನಾವಿಕರು ಅಡಿಯನ್ನು ಹೆರೆದು ಶುಚಿಗೊಳಿಸುವುದು ಇದಕ್ಕಾಗಿಯೇ. ಮೀನು ಆ ಮೆತ್ತನೆಯ ಪಾಚಿಗೆ ಅಂಟಿಕೊಳ್ಳುತ್ತದೆ. ಹಡಗು ನಿಧಾನವಾದದ್ದಕ್ಕೆ ಮೀನು ಕಾರಣವಲ್ಲ. ನಿಧಾನವಾಗಲು ಯಾವುದು ಕಾರಣವೋ ಮೀನು ಬಂದದ್ದೂ ಅದರಿಂದಲೇ.

ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂಬ ಈ ಪಾಠವನ್ನು ಇಂದಿನ ಸಂಖ್ಯಾಶಾಸ್ತ್ರದ ಪುಸ್ತಕಗಳು ಮೊದಲ ಅಧ್ಯಾಯಗಳಲ್ಲೇ ಕಲಿಸುತ್ತವೆ. ಪ್ಲುಟಾರ್ಕ್ ಅದನ್ನು ಊಟದ ಮೇಜಿನ ಮೇಲೆ ಹೇಳಿದ. ಮೀನಿನ ವಿಚಾರದಲ್ಲಿ ಅವನ ವಿವರಗಳೆಲ್ಲ ಸರಿಯಲ್ಲ, ರೆಮೋರಾ ಅಂಟಿಕೊಳ್ಳಲು ಪಾಚಿ ಬೇಕಿಲ್ಲ. ಆದರೆ ಹಡಗಿನ ವಿಚಾರದಲ್ಲಿ ಅವನು ಹೇಳಿದ್ದು ಸರಿ. ಅಡಿಗೆ ಮೆತ್ತುವ ಪಾಚಿ, ಚಿಪ್ಪುಜೀವಿಗಳು ಇಂದಿಗೂ ಹಡಗುಗಳ ವೇಗವನ್ನು ತಗ್ಗಿಸಿ ಇಂಧನದ ಖರ್ಚನ್ನು ಏರಿಸುತ್ತವೆ. ಆದರೂ ಮುಂದಿನ ಸಾವಿರದೈನೂರು ವರ್ಷ ಯುರೋಪಿನ ಗ್ರಂಥಗಳಲ್ಲಿ ಗೆದ್ದದ್ದು ಪ್ಲಿನಿಯ ಕಥೆಯೇ. ಅದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆಂಟನಿಯಂಥ ಸೇನಾನಿ ತನ್ನ ಯೋಜನೆಯ ದೋಷದಿಂದ ಸೋತ ಎನ್ನುವುದಕ್ಕಿಂತ ವಿಧಿಯು ಒಂದು ಮೀನನ್ನು ಕಳಿಸಿತು ಎನ್ನುವುದು ಕೇಳಲು ಸೊಗಸು. ಬಾಯಿಲ್ಲದ ಪ್ರಾಣಿಯ ಮೇಲೆ ಹೊರಿಸಿದ ತಪ್ಪಿಗೆ ಎದುರು ವಾದಿಸುವವರು ಇರುವುದಿಲ್ಲ.

ಹಡಗುಗಳು ನಿಜವಾಗಿಯೂ ಅಕಾರಣವಾಗಿ ನಿಂತಂತೆ ತೋರುವ ಇನ್ನೊಂದು ಸನ್ನಿವೇಶವಿದೆ. 1893ರಲ್ಲಿ ನಾರ್ವೆಯ ಅನ್ವೇಷಕ ನಾನ್ಸನ್ ತನ್ನ 'ಫ್ರಾಮ್' ಹಡಗಿನಲ್ಲಿ ಸೈಬೀರಿಯಾದ ಉತ್ತರದ ಕಡಲಿನಲ್ಲಿ ಸಾಗುತ್ತಿದ್ದಾಗ, ಯಂತ್ರ ಪೂರ್ಣಬಲದಿಂದ ಓಡುತ್ತಿದ್ದರೂ ಹಡಗು ತೆವಳತೊಡಗಿತು. ಉಪ್ಪುನೀರಿನ ಮೇಲೆ ಕರಗಿದ ಹಿಮದ ಸಿಹಿನೀರು ತೆಳ್ಳನೆಯ ಪದರವಾಗಿ ಹರಡಿದ್ದಲ್ಲೇ ಹೀಗಾಗುವುದೆಂದು ಆತ ಬರೆದಿಟ್ಟ. 1904ರಲ್ಲಿ ಸ್ವೀಡನ್ನಿನ ಎಕ್ಮನ್ ಪ್ರಯೋಗಗಳ ಮೂಲಕ ಇದನ್ನು ವಿವರಿಸಿದ: ಎರಡು ಪದರಗಳು ಸೇರುವಲ್ಲಿ, ಮೇಲ್ಮೈಯಲ್ಲಿ ಕಾಣಿಸದಂಥ ಅಲೆಗಳನ್ನು ಹಡಗು ಎಬ್ಬಿಸುತ್ತದೆ, ಅದರ ಬಲವೆಲ್ಲ ಆ ಅಲೆಗಳಿಗೇ ವ್ಯಯವಾಗುತ್ತದೆ. ನಾವಿಕರು ಇದನ್ನು 'ಸತ್ತ ನೀರು' ಎನ್ನುತ್ತಿದ್ದರು. 2020ರಲ್ಲಿ ಈ ವಿದ್ಯಮಾನದ ಗಣಿತವನ್ನು ಇನ್ನಷ್ಟು ಬಿಡಿಸಿದ ಫ್ರಾನ್ಸಿನ ಸಂಶೋಧಕರ ಮುಂದಿದ್ದ ಪ್ರಶ್ನೆಗಳಲ್ಲಿ ಆಕ್ಟಿಯಂ ಕೂಡ ಒಂದು. ಅಂಬ್ರೇಸಿಯಾ ಕೊಲ್ಲಿಯ ಬಾಯಲ್ಲಿ ಆಂಟನಿ ಮತ್ತು ಕ್ಲಿಯೋಪಾತ್ರಾರ ದೊಡ್ಡ ಹಡಗುಗಳನ್ನು ಇಂಥ ನೀರೇ ಹಿಡಿದಿರಬಹುದೆ ಎಂದು ಅವರು ಕೇಳಿದ್ದಾರೆ. ಇದು ಇನ್ನೂ ಊಹೆಯ ಹಂತದಲ್ಲಿದೆ. ಊಹೆಯಾದರೂ ಅದು ಮೀನನ್ನು ಆರೋಪಿಯ ಕಟಕಟೆಯಿಂದ ಇಳಿಸಿದೆ.

ಪಂಡಿತರು ಪ್ಲಿನಿಯನ್ನು ಪ್ರತಿ ಮಾಡುತ್ತಿದ್ದ ಶತಮಾನಗಳಲ್ಲೇ ಬೇರೆ ಕಡಲುಗಳ ಮೀನುಗಾರರು ಈ ಮೀನನ್ನು ಕೈಯಿಂದ ಬಲ್ಲವರಾಗಿದ್ದರು. 1494ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕ್ಯೂಬಾದ ದಕ್ಷಿಣದ ದ್ವೀಪಸಮೂಹಗಳ ನಡುವೆ ಸಾಗುವಾಗ, ಅಲ್ಲಿನ ನಿವಾಸಿಗಳು ಮೀನಿನಿಂದ ಕಡಲಾಮೆ ಹಿಡಿಯುವುದನ್ನು ಅವನ ಜನ ಕಂಡರು. ಸ್ಪೇನಿನ ಆಸ್ಥಾನದಲ್ಲಿದ್ದುಕೊಂಡು ಹೊಸ ಲೋಕದ ವರ್ತಮಾನಗಳನ್ನು ಸಂಗ್ರಹಿಸಿದ ಪೀಟರ್ ಮಾರ್ಟಿರ್ ಇದನ್ನು ದಾಖಲಿಸಿದ್ದಾನೆ. ದೋಣಿಯ ಬದಿಗೆ ಹಗ್ಗದಿಂದ ಕಟ್ಟಿಟ್ಟ ಮೀನನ್ನು ಆಮೆ ಕಂಡೊಡನೆ ಬಿಡುವುದು. ಅದು ಬಾಣದಂತೆ ಹೋಗಿ ಆಮೆಯ ಚಿಪ್ಪಿಗೆ ಅಂಟುವುದು. ಹಗ್ಗವನ್ನು ನಿಧಾನವಾಗಿ ಎಳೆದುಕೊಳ್ಳುವುದು. ಯುರೋಪಿನ ಅನೇಕ ಓದುಗರಿಗೆ ಇದು ಪ್ರವಾಸಿಗರ ಕಟ್ಟುಕಥೆಯಂತೆ ಕೇಳಿಸಿತು. ಹಡಗು ನಿಲ್ಲಿಸುವ ಮೀನನ್ನು ನಂಬಿದ ಸಂಸ್ಕೃತಿಗೆ ಆಮೆ ಹಿಡಿಯುವ ಮೀನನ್ನು ನಂಬಲು ಕಷ್ಟವಾದದ್ದು ವಿಚಿತ್ರವೇ ಸರಿ.

ಅದೇ ವಿದ್ಯೆ ಭೂಮಿಯ ಇನ್ನೊಂದು ತುದಿಯಲ್ಲೂ ಇತ್ತು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿಗಳ ನಡುವಿನ ಟಾರೆಸ್ ಜಲಸಂಧಿಯ ದ್ವೀಪವಾಸಿಗಳು ಈ ಮೀನನ್ನು 'ಗಪು' ಎನ್ನುತ್ತಿದ್ದರು. 1888ರಲ್ಲಿ ಹವಳದ ದಿಬ್ಬಗಳ ಪ್ರಾಣಿಗಳನ್ನು ಅಧ್ಯಯನ ಮಾಡಲು ಅಲ್ಲಿಗೆ ಹೋದ ಆಲ್ಫ್ರೆಡ್ ಹ್ಯಾಡನ್, ಅಲ್ಲಿನ ಜನರನ್ನೇ ಅಧ್ಯಯನ ಮಾಡುವ ಮಾನವಶಾಸ್ತ್ರಜ್ಞನಾಗಿ ಬದಲಾದವನು. ಅವನ ಬರಹದಲ್ಲಿ ಒಂದು ಮುಖ್ಯವಾದ ತಿದ್ದುಪಡಿ ಇದೆ. ದೊಡ್ಡ ಆಮೆಯನ್ನು ಗಪುವಿನಿಂದ ಎಳೆದು ತರುವುದಿಲ್ಲ, ಭಾರಕ್ಕೆ ಅದು ಕಿತ್ತುಬರುತ್ತದೆ. ಚಿಕ್ಕ ಆಮೆಗಳನ್ನು ಮಾತ್ರ ಹಾಗೆ ಹಿಡಿಯುತ್ತಾರೆ ಎಂದು ಅಲ್ಲಿನವರು ಅವನಿಗೆ ಮತ್ತೆ ಮತ್ತೆ ಹೇಳಿದರು. ದೊಡ್ಡ ಆಮೆ ಎಲ್ಲಿದೆ ಎಂದು ತೋರಿಸುವುದು ಮೀನಿನ ಕೆಲಸ. ಹಗ್ಗದ ಜಾಡು ಹಿಡಿದು ನೀರಿಗೆ ಧುಮುಕುವುದು ಮನುಷ್ಯನ ಕೆಲಸ. ತಮ್ಮ ಮೀನಿಗೆ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಆ ಮೀನುಗಾರರಿಗೆ ಅಳೆದಂತೆ ಗೊತ್ತಿತ್ತು. ಪೂರ್ವ ಆಫ್ರಿಕಾದ ಜಾಂಜಿಬಾರ್ ಸುತ್ತಮುತ್ತಲೂ ಇದೇ ರೂಢಿಯಿದ್ದುದನ್ನು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ದಾಖಲಿಸಲಾಯಿತು. ಸ್ವಾಹಿಲಿಯಲ್ಲಿ ಈ ಮೀನಿನ ಹೆಸರು 'ಚಾಜೋ'. ಈ ಎಲ್ಲ ಚದುರಿದ ವರದಿಗಳನ್ನೂ ಒಟ್ಟುಗೂಡಿಸಿ ಅಮೆರಿಕದ ಯೂಜೀನ್ ಗಡ್ಜರ್ 1919ರಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದಾಗ ವಿದ್ವಲ್ಲೋಕದ ಸಂಶಯ ಬಹುಮಟ್ಟಿಗೆ ಅಡಗಿತು. ಒಬ್ಬರನ್ನೊಬ್ಬರು ಕಾಣದಷ್ಟು ದೂರದ ಕೆರಿಬಿಯನ್, ಆಫ್ರಿಕಾ, ಟಾರೆಸ್ ಜಲಸಂಧಿಗಳ ಜನ ಒಂದೇ ಉಪಾಯವನ್ನು ಕಂಡುಕೊಂಡಿದ್ದರು. ಮೂರೂ ಕಡೆ ಹಗ್ಗವನ್ನು ಬಿಗಿದದ್ದು ಮೀನಿನ ಬಾಲದ ಬುಡಕ್ಕೆ.

ಬಾಲದ ಬುಡಕ್ಕೇ ಏಕೆ ಎಂಬ ಪ್ರಶ್ನೆಯ ಉತ್ತರದಲ್ಲಿ ಈ ಮೀನಿನ ಅಂಗರಚನೆಯ ರಹಸ್ಯವೆಲ್ಲ ಇದೆ. ರೆಮೋರಾದ ನೆತ್ತಿಯ ಮೇಲೆ ಅಂಡಾಕಾರದ ಚಪ್ಪಟೆ ಬಿಲ್ಲೆಯೊಂದಿದೆ. ಅದರ ಅಂಚು ಮೃದುವಾದ ಮಾಂಸದ ತುಟಿ. ಒಳಗೆ ಕಿಟಕಿಯ ಅಡ್ಡಪಟ್ಟಿಗಳಂತೆ ಸಾಲಾಗಿ ಜೋಡಿಸಿದ ಪಟ್ಟಿಗಳು. ಪ್ರಭೇದಕ್ಕನುಗುಣವಾಗಿ ಇವುಗಳ ಸಂಖ್ಯೆ ಸುಮಾರು ಹತ್ತರಿಂದ ಇಪ್ಪತ್ತೆಂಟರವರೆಗೆ. ಪ್ರತಿ ಪಟ್ಟಿಯ ಮೇಲೂ ಸೂಕ್ಷ್ಮವಾದ ಮುಳ್ಳುಗಳು. ಬಿಲ್ಲೆಯನ್ನು ಒತ್ತಿ, ಸ್ನಾಯುಗಳಿಂದ ಪಟ್ಟಿಗಳನ್ನು ಎತ್ತಿದಾಗ ಒಳಗಿನ ಒತ್ತಡ ಕಡಿಮೆಯಾಗಿ ಬಿಲ್ಲೆ ಅಂಟಿಕೊಳ್ಳುತ್ತದೆ. ಮುಳ್ಳುಗಳು ಶಾರ್ಕಿನ ಒರಟು ಚರ್ಮದಲ್ಲಿ ಕಚ್ಚಿಕೊಂಡು ಜಾರದಂತೆ ತಡೆಯುತ್ತವೆ. ನುಣುಪಾದ ಪ್ಲಾಸ್ಟಿಕ್ ಹಲಗೆಗಿಂತ ಶಾರ್ಕಿನ ಚರ್ಮದಿಂದ ಇದನ್ನು ಕೀಳಲು ಹೆಚ್ಚು ಬಲ ಬೇಕೆಂದು ಪ್ರಯೋಗಗಳು ತೋರಿಸಿವೆ. ಮೀನನ್ನು ಹಿಂದಕ್ಕೆ ಎಳೆದಷ್ಟೂ ಪಟ್ಟಿಗಳು ಇನ್ನಷ್ಟು ಎದ್ದು ಹಿಡಿತ ಬಿಗಿಯಾಗುತ್ತದೆ. ಮುಂದಕ್ಕೆ ಸರಿಸಿದರೆ ಅವು ಮಲಗಿ ಹಿಡಿತ ಬಿಡುತ್ತದೆ. ಶಾರ್ಕ್ ವೇಗವಾಗಿ ಈಜಿದಷ್ಟೂ ಎದುರುನೀರು ಮೀನನ್ನು ಹಿಂದಕ್ಕೆ ತಳ್ಳುವುದರಿಂದ ಅಂಟು ತಾನಾಗಿಯೇ ಗಟ್ಟಿಯಾಗುತ್ತದೆ. ಬಾಲಕ್ಕೆ ಹಗ್ಗ ಕಟ್ಟಿ ಹಿಂದಕ್ಕೆ ಎಳೆದ ಮೀನುಗಾರರು ಕಂಡುಕೊಂಡಿದ್ದ ಸತ್ಯ ಇದೇ. 2017ರಲ್ಲಿ ಬೀಜಿಂಗಿನ ಬೈಹಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಹಾರ್ವರ್ಡಿನವರ ಜತೆಗೂಡಿ ಇದೇ ತತ್ತ್ವದ ಕೃತಕ ಬಿಲ್ಲೆಯನ್ನು ತಯಾರಿಸಿದಾಗ, ಅದನ್ನು ಕೀಳಲು ಅದರ ತೂಕದ ಸುಮಾರು 340 ಪಟ್ಟು ಬಲ ಬೇಕಾಯಿತು.

ಈ ಬಿಲ್ಲೆ ಎಲ್ಲಿಂದ ಬಂತು? ಅದು ಹೊಸದಾಗಿ ಹುಟ್ಟಿದ ಅಂಗವಲ್ಲ. ಮಾರ್ಪಟ್ಟ ಬೆನ್ನಿನ ಈಜುರೆಕ್ಕೆ. 19ನೆಯ ಶತಮಾನದ ಅಂಗರಚನಾಶಾಸ್ತ್ರಜ್ಞರು ಇದನ್ನು ಊಹಿಸಿದ್ದರು. 2012ರಲ್ಲಿ ರಾಲ್ಫ್ ಬ್ರಿಟ್ಸ್ ಮತ್ತು ಡೇವಿಡ್ ಜಾನ್ಸನ್ ಮರಿಮೀನುಗಳ ಬೆಳವಣಿಗೆಯನ್ನು ಹಂತಹಂತವಾಗಿ ಪರಿಶೀಲಿಸಿ ಇದನ್ನು ಖಚಿತಪಡಿಸಿದರು. ಮರಿಯಲ್ಲಿ ಆ ಭಾಗಗಳು ಬೇರಾವ ಮೀನಿನ ಬೆನ್ನುರೆಕ್ಕೆಯ ಮುಳ್ಳುಗಳಂತೆಯೇ ಆರಂಭವಾಗುತ್ತವೆ. ಬೆಳೆಯುತ್ತ ಪ್ರತಿ ಮುಳ್ಳಿನ ಬುಡ ಎರಡೂ ಬದಿಗೆ ಅಗಲವಾಗಿ ಪಟ್ಟಿಯಾಗುತ್ತದೆ. ಇಡೀ ರಚನೆ ಮುಂದಕ್ಕೆ ಸರಿದು ತಲೆಯ ಮೇಲೆ ಬಂದು ಕೂರುತ್ತದೆ. ಮರುವರ್ಷ ಮ್ಯಾಟ್ ಫ್ರೀಡ್‌ಮನ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಗ್ಲಾರಸ್‌ನ ಕಲ್ಲಿನಲ್ಲಿ ಸಿಕ್ಕ, ಸುಮಾರು 3 ಕೋಟಿ ವರ್ಷ ಹಳೆಯ ಪಳೆಯುಳಿಕೆಯೊಂದನ್ನು ಮರುಪರಿಶೀಲಿಸಿದರು. ಒಪಿಸ್ತೊಮೈಜಾನ್ ಎಂಬ ಆ ಮೀನಿಗೂ ಬಿಲ್ಲೆಯಿತ್ತು; ಆದರೆ ಅದು ಚಿಕ್ಕದು, ತಲೆಬುರುಡೆಯ ಹಿಂದೆ ಇದ್ದದ್ದು, ಇಂದಿನ ಸೂಕ್ಷ್ಮ ಮುಳ್ಳುಗಳಿಲ್ಲದ್ದು. ಇಂದು ಮರಿಮೀನು ಕೆಲವು ವಾರಗಳಲ್ಲಿ ಕ್ರಮಿಸುವ ದಾರಿಯಲ್ಲಿ ವಂಶವು ಎಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಆ ಕಲ್ಲು ಸಾಕ್ಷಿ. ರೆಮೋರಾಗಳ ಹತ್ತಿರದ ಬಂಧು ಕೋಬಿಯಾ ಮೀನು. ಅದಕ್ಕೆ ಬಿಲ್ಲೆಯಿಲ್ಲ, ಆದರೆ ದೊಡ್ಡ ಶಾರ್ಕು, ತೊರಕೆಗಳ ಬೆನ್ನುಹತ್ತಿ ಈಜುವ ಅಭ್ಯಾಸವಿದೆ. ಮೊದಲು ಹಿಂಬಾಲಿಸುವ ಸ್ವಭಾವ, ಆಮೇಲೆ ಅಂಟಿಕೊಳ್ಳುವ ಅಂಗ ಎಂಬ ಕ್ರಮ ಇದರಿಂದ ಸಹಜವಾಗಿ ತೋರುತ್ತದೆ.

ಇಂದು ಈ ಕುಟುಂಬದಲ್ಲಿ ಎಂಟು ಪ್ರಭೇದಗಳಿವೆ. ಶಾರ್ಕಿಗೆ ಅಂಟುವ ಅತಿ ಪರಿಚಿತ ಪ್ರಭೇದ ಸುಮಾರು ಒಂದು ಮೀಟರ್ ಉದ್ದ ಬೆಳೆಯುತ್ತದೆ. ಬೆಚ್ಚನೆಯ ಕಡಲುಗಳಲ್ಲೆಲ್ಲ, ನಮ್ಮ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳಲ್ಲೂ, ಇದರ ವಾಸವಿದೆ. ಆಶ್ರಯದಾತರು ಸಿಗದಿದ್ದರೆ ತೀರದ ನೀರಿನಲ್ಲಿ ತಾನೇ ಸ್ವತಂತ್ರವಾಗಿ ಈಜಿಕೊಂಡಿರಬಲ್ಲದು. ಇತರ ಕೆಲವು ಪ್ರಭೇದಗಳು ಹಾಗಲ್ಲ: ಒಂದು ಹೆಚ್ಚಾಗಿ ತಿಮಿಂಗಿಲ, ಡಾಲ್ಫಿನ್ನುಗಳನ್ನೇ, ಇನ್ನೊಂದು ಮಾಂಟಾ ತೊರಕೆಗಳನ್ನೇ, ಮತ್ತೊಂದು ಮಾರ್ಲಿನ್‌ನಂಥ ಈಟಿಮೂತಿಯ ಮೀನುಗಳನ್ನೇ ನೆಚ್ಚಿಕೊಂಡಿವೆ. ಶಾರ್ಕಿನ ವೇಗವೇ ಇವುಗಳ ಉಸಿರಾಟಕ್ಕೂ ಒದಗುತ್ತದೆ. ಸುಮ್ಮನೆ ಬಾಯಿ ತೆರೆದುಕೊಂಡರೆ ಸಾಕು, ನೀರು ತಾನಾಗಿ ಕಿವಿರುಗಳ ಮೇಲೆ ಹಾದುಹೋಗುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ನೀಲಿ ತಿಮಿಂಗಿಲಗಳ ಬೆನ್ನಿಗೆ ಅಂಟಿಸಿದ ಕ್ಯಾಮರಾಗಳಿಂದ ರೆಮೋರಾಗಳ ಬದುಕನ್ನು ತೋರಿಸಿತು. ಅವು ಎಲ್ಲೆಂದರಲ್ಲಿ ಅಂಟುವುದಿಲ್ಲ. ಉಸಿರುರಂಧ್ರದ ಹಿಂದೆ, ಬೆನ್ನುರೆಕ್ಕೆಯ ಹಿಂದೆ, ಪಕ್ಕದ ರೆಕ್ಕೆಯ ಮೇಲ್ಭಾಗದಲ್ಲಿ, ಹೀಗೆ ನೀರಿನ ಎಳೆತ ಕಡಿಮೆಯಿರುವ ಜಾಗಗಳನ್ನೇ ಆರಿಸುತ್ತವೆ. ಅಷ್ಟೇ ಅಲ್ಲ, ಹಿಡಿತ ಸಡಿಲಿಸಿ ತಿಮಿಂಗಿಲದ ಮೈಗುಂಟ ಜಾರುತ್ತ, ಈಜುತ್ತ, ಒಂದೆಡೆಯಿಂದ ಇನ್ನೊಂದೆಡೆಗೆ ಓಡಾಡುತ್ತವೆ.

ಇದು ಯಾವ ಬಗೆಯ ಸಂಬಂಧ? ಅರಿಸ್ಟಾಟಲನ ಕಾಲದ ಜನ ಹೇನು ಎಂದರು. 1870ರ ದಶಕದಲ್ಲಿ ಬೆಲ್ಜಿಯಂನ ವಾನ್ ಬೆನೆಡೆನ್, ಪರೋಪಜೀವಿಗಳಿಂದ ಇಂಥವನ್ನು ಬೇರ್ಪಡಿಸಲು ಒಂದೇ ಮೇಜಿನಲ್ಲಿ ಉಣ್ಣುವವರು ಎಂಬರ್ಥದ ಪದವನ್ನು ಬಳಕೆಗೆ ತಂದ. ಕನ್ನಡದಲ್ಲಿ ನಾವು ಸಹಪಂಕ್ತಿಯವರು ಎನ್ನಬಹುದು. ಪಂಕ್ತಿಯಲ್ಲಿ ಕೂತವನು ಮನೆಯವನನ್ನು ತಿನ್ನುವುದಿಲ್ಲ, ಬಡಿಸಿದ್ದನ್ನು ಉಣ್ಣುತ್ತಾನೆ. ಆದರೆ ಈ ಪದವೂ ಪೂರ್ತಿ ಸಾಲದು. 1970ರಲ್ಲಿ ಕ್ರೆಸ್ಸಿ ಮತ್ತು ಲಾಕ್ನರ್ ನೂರಾರು ರೆಮೋರಾಗಳ ಹೊಟ್ಟೆಯನ್ನು ಪರೀಕ್ಷಿಸಿದಾಗ, ಆಶ್ರಯದಾತ ಮೀನುಗಳ ಮೈಮೇಲೆ ಬದುಕುವ ಕೋಪೆಪಾಡ್ ಎಂಬ ಪರೋಪಜೀವಿಗಳು ಅನೇಕ ಪ್ರಭೇದಗಳ ಆಹಾರದಲ್ಲಿ ಸಿಕ್ಕವು. ಹೇನೆಂದು ಕರೆಸಿಕೊಂಡದ್ದು ಹೇನು ಹೆಕ್ಕುತ್ತಿತ್ತು. ಹಾಗೆಂದು ಅದು ಶುದ್ಧ ಉಪಕಾರಿಯೂ ಅಲ್ಲ. ಉಳಿಕೆಯ ಚೂರುಗಳನ್ನು, ಆಶ್ರಯದಾತರ ಮಲವನ್ನು ಕೂಡ ಅದು ತಿನ್ನುತ್ತದೆ. ಅಂಟಿಕೊಂಡಿರುವ ಭಾರವನ್ನು ಹೊರುವ ಪ್ರಾಣಿಗೆ ಸ್ವಲ್ಪವಾದರೂ ಹೆಚ್ಚಿನ ಶ್ರಮವಿದೆ. ಗಿರಕಿ ಹೊಡೆಯುತ್ತ ನೀರಿನಿಂದ ಮೇಲೆ ಹಾರುವ ಸ್ಪಿನ್ನರ್ ಡಾಲ್ಫಿನ್ನುಗಳು ಆ ರಭಸದಿಂದ ರೆಮೋರಾಗಳನ್ನು ಉದುರಿಸಲು ಯತ್ನಿಸುತ್ತಿರಬಹುದೆಂದು ಕೆಲವು ವಿಜ್ಞಾನಿಗಳು ಹೇಳಿದ್ದಾರೆ. ಉಪಕಾರ, ಉಪದ್ರವಗಳ ಲೆಕ್ಕ ಪ್ರಭೇದದಿಂದ ಪ್ರಭೇದಕ್ಕೆ, ಮೀನಿನ ಗಾತ್ರಕ್ಕೆ, ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಬೇರೆಯವರ ಊರಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ, ಅಂಟಿಕೊಂಡವರು ಎಂಬ ಒಂದೇ ಮಾತಿನಲ್ಲಿ ಲೆಕ್ಕ ಮುಗಿಸುವುದು ಎಷ್ಟು ಸುಲಭ, ಎಷ್ಟು ಅಪೂರ್ಣ ಎಂಬುದನ್ನು ವಿವರಿಸಿ ಹೇಳಬೇಕಿಲ್ಲ. ಆದರೆ ಮೀನು ರೂಪಕವಾಗಲು ಹುಟ್ಟಿದ್ದಲ್ಲ. ಅದರ ಮೇಲೆ ರೂಪಕಗಳ ಹೊರೆ ಈಗಾಗಲೇ ಸಾಕಷ್ಟಿದೆ.

ಅದರ ನಿಜವಾದ ಕಷ್ಟ ಬೇರೆಯೇ ಇದೆ. 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇಕಡಾ 71ರಷ್ಟು ಕುಸಿದಿದೆ. ಅವುಗಳ ಮೇಲಿನ ಮೀನುಗಾರಿಕೆಯ ಒತ್ತಡ ಅದೇ ಅವಧಿಯಲ್ಲಿ 18 ಪಟ್ಟು ಏರಿದೆ. ಶಾರ್ಕಿನ ಸಂತಾನ ಬೇಗ ಹೆಚ್ಚುವಂಥದ್ದಲ್ಲ. ಪ್ರಾಯಕ್ಕೆ ಬರಲು ಅನೇಕ ಪ್ರಭೇದಗಳಿಗೆ ಹಲವು ವರ್ಷಗಳು ಬೇಕು, ಹಾಕುವ ಮರಿಗಳೂ ಕಡಿಮೆ. ಭಾರತವು 2001ರಲ್ಲಿ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿತು. 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಿತು. ಇವು ಬೇಕಾದ ಕ್ರಮಗಳೇ. ಆದರೆ ಇಂಥ ಲೆಕ್ಕಗಳಲ್ಲೆಲ್ಲ ನಾವು ಎಣಿಸುವುದು ದೊಡ್ಡ ಪ್ರಾಣಿಯನ್ನು. ಅದರ ಮೈಗೆ ಅಂಟಿದ ಮೀನು, ಆ ಮೀನು ಹೆಕ್ಕುವ ಕೋಪೆಪಾಡ್, ಹೀಗೆ ಒಂದು ಶಾರ್ಕಿನ ಜತೆ ಸಾಗುವ ಪುಟ್ಟ ಲೋಕ ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಸ್ವತಂತ್ರವಾಗಿ ಈಜಬಲ್ಲ ಪ್ರಭೇದ ಹೇಗೋ ಉಳಿದುಕೊಳ್ಳಬಹುದು. ಮಾಂಟಾ ತೊರಕೆಯನ್ನೇ ನೆಚ್ಚಿದ ಪ್ರಭೇದಕ್ಕೆ ಮಾಂಟಾ ಇಲ್ಲದ ಕಡಲಿನಲ್ಲಿ ಹೋಗಲು ಜಾಗವಿಲ್ಲ. 3 ಕೋಟಿ ವರ್ಷಗಳಲ್ಲಿ ಬೆನ್ನಿನ ರೆಕ್ಕೆಯನ್ನು ಬಿಲ್ಲೆಯಾಗಿ ಮಾಡಿಕೊಂಡ ವಂಶಕ್ಕೆ, ಅಂಟಿಕೊಳ್ಳಲು ಮೈಯೇ ಇಲ್ಲದ ಸನ್ನಿವೇಶ ಐವತ್ತು ವರ್ಷಗಳಲ್ಲಿ ಎದುರಾಗುತ್ತಿದೆ.

ಮೀನು ಹಡಗನ್ನು ತಡೆಯುತ್ತದೆ ಎಂಬ ಕಥೆಯನ್ನು ಎರಡು ಸಾವಿರ ವರ್ಷ ಹೇಳಿಕೊಂಡು ಬಂದವರು, ಹಡಗುಗಳು ಮೀನನ್ನು ಎಲ್ಲಿಗೆ ತಂದು ನಿಲ್ಲಿಸಿವೆ ಎಂಬುದನ್ನು ಕೇಳತೊಡಗಿ ಬಹಳ ಕಾಲವಾಗಿಲ್ಲ. ಕಾರಣವನ್ನು ಹುಡುಕುವಾಗ ಕಣ್ಣಿಗೆ ಮೊದಲು ಬಿದ್ದ ಪುಟ್ಟ ಪ್ರಾಣಿಯನ್ನು ಹಿಡಿಯದೆ, ಹಡಗಿನ ಅಡಿಯನ್ನು ನೋಡಿ ಎಂದು ಪ್ಲುಟಾರ್ಕ್ ಊಟದ ನಡುವೆ ಹೇಳಿದ್ದ. ಆ ಮಾತು ಈಗಲೂ ಸಲ್ಲುತ್ತದೆ. ಹಡಗಿನ ಅಡಿಯಷ್ಟೇ ಅಲ್ಲ, ಅದರ ಬಲೆಯನ್ನೂ, ಅದು ತುಂಬಿಕೊಂಡು ಬರುವ ಸರಕನ್ನೂ ನೋಡಬೇಕಾಗಿದೆ.